ಕ್ರೋಶಾ ಬೊಂಬೆ

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಸೆಳೆದು, ಸುತ್ತಿನ ಮೇಲೆ ಸುತ್ತು ಬೆಳೆಸಿ, ಹಾಗೆ ಒದಗಿದ ಟೊಳ್ಳು ಹೆಣಿಗೆಯೊಳಗೆ ಹತ್ತಿ ಮೊದಲಾದ ಮೆತ್ತನೆಯ ವಸ್ತುವನ್ನು ತುಂಬಿ ಸಿದ್ಧಪಡಿಸುವ ಪ್ರಾಣಿರೂಪದ ಆಟಿಕೆಗೆ ಕ್ರೋಶಾ ಬೊಂಬೆಯೆಂದು ಹೆಸರು. ಕುರಿಮರಿ, ಮೊಲ, ಬೆಕ್ಕು, ಆನೆ, ಕರಡಿ ಇವು ಅದರ ರೂಢಿಯ ಆಕೃತಿಗಳು; ಗಾತ್ರದಲ್ಲಿ ಅದು ಸಾಮಾನ್ಯವಾಗಿ ಅಂಗೈಯಲ್ಲಿ ಅಡಗುವಷ್ಟು. ಸ್ವೆಟರು, ಕುಲಾವಿ, ಬಾಗಿಲ ತೋರಣ, ಸೀರೆಯ ಕುಚ್ಚು ಮುಂತಾದ ಕೆಲಸಗಳು ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಉಳಿದುಹೋಗುವ ತುಂಡು ನೂಲುಗಳು ಬಟ್ಟೆಯೊಂದಕ್ಕೆ ಸಾಲದೆ, ಎಸೆಯುವುದಕ್ಕೂ ಮನಸ್ಸು ಬಾರದೆ ವರ್ಷಗಟ್ಟಲೆ ಹಾಗೆಯೇ ಬಿದ್ದಿರುವುದು ಎಲ್ಲರ ಮನೆಯ ಅನುಭವವಾಗಿದ್ದು, ಅಂತಹ ನೂಲಿಗೆ ಪೂರ್ಣವಾದ ಒಂದು ಸಾರ್ಥಕ್ಯವನ್ನು ಒದಗಿಸುವ ಕಲೆ ಇದಕ್ಕಿಂತ ಬೇರೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಬೊಂಬೆಯ ಅಂಗಾಂಗಗಳು ಬಿಡಿಬಿಡಿಯಾಗಿ ಹೆಣೆಯಲ್ಪಡುವುದರಿಂದ ಒಂದೊಂದು ಅಂಗಕ್ಕೆ ಒಂದೊಂದು ತುಂಡು ಸಾಕಾಗುತ್ತದೆ. ಗಂಟುಗಳೂ ನೂಲಿನ ತುದಿಗಳೂ ಒಳಗಣ ಹತ್ತಿಯಲ್ಲಿ ಮರೆಯಾಗುತ್ತವೆ. ಬಣ್ಣ ಬದಲಾದುದು ಕುಂದಾಗದೆ ಅಲಂಕಾರವೇ ಆಗುತ್ತದೆ.

ಹುಟ್ಟು ಮತ್ತು ಪ್ರಸಾರ

ಕೊಕ್ಕೆಕಡ್ಡಿಯ ಹೆಣಿಗೆಯು ನೇಯ್ಗೆಯಷ್ಟಾಗಲಿ ಎರಡು ಕಡ್ಡಿಗಳ ಹೆಣಿಗೆಯಷ್ಟಾಗಲಿ ಪುರಾತನವಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭಕಾಲದಲ್ಲಿ ಸ್ಕಾಟ್ಲೆಂಡಿನ ಕುರುಬರು ಕೊಕ್ಕೆಯಿಂದ ಉಣ್ಣೆಯನ್ನು ಹೆಣೆಯುತ್ತಿದ್ದ ರೀತಿಯೊಂದು ‘ಕುರುಬರ ಹೆಣಿಗೆ’ ಎಂಬ ಹೆಸರಿನಿಂದ ತಿಳಿದುಬಂದಿದೆ. 1823ರಲ್ಲಿ ಡಚ್ ಪತ್ರಿಕೆಯಾದ ‘ಪೆನೆಲೊಪೆ’ಯಲ್ಲಿ ಕೈಚೀಲಗಳ ಕ್ರೋಶಾ ಮಾದರಿಗಳು ಅಚ್ಚಾದವು. 1845ರಿಂದ ಐರ್ಲೆಂಡನ್ನು ಪೀಡಿಸಿದ ಆಲೂಗಡ್ಡೆಯ ಕ್ಷಾಮದ ದಿನಗಳಲ್ಲಿ, ಕ್ರೈಸ್ತ ಸಂನ್ಯಾಸಿನಿಯರು ಬಡಕುಟುಂಬಗಳಿಗೆ ಈ ಕೆಲಸವನ್ನು ಕಲಿಸಿ, ಹಾಗೆ ಹೆಣೆದ ಜಾಲರಿಯನ್ನು (ಲೇಸ್) ಪೇಟೆಗೆ ಕಳುಹಿಸಿ ಅನ್ನ ದೊರಕಿಸಿದರು. ಅದೇ ದಶಕದಲ್ಲಿ ಲಂಡನ್ನಿನಲ್ಲಿ ರೀಗೊ ದ ಲಾ ಬ್ರಾಂಶಾರ್ಡಿಯೆರ್ ಎಂಬಾಕೆ ಮಾದರಿ ಪುಸ್ತಕಗಳನ್ನು ಪ್ರಕಟಿಸತೊಡಗಿದ ಮೇಲೆ ಈ ವಿದ್ಯೆ ಅಂಗೈಯಿಂದ ಅಂಗೈಗೆ ಮಾತ್ರವಲ್ಲದೆ ಕಾಗದದ ಮೂಲಕವೂ ಸಂಚರಿಸುವಂತಾಯಿತು.

ಭಾರತಕ್ಕೆ ಇದು ಬಂದುದು ಪ್ರಧಾನವಾಗಿ ಮಿಷನರಿಗಳ ಮೂಲಕ. 1844ರಲ್ಲಿ ಸ್ಕಾಟ್ಲೆಂಡಿನ ಮೆಕ್ರೇ ದಂಪತಿಗಳು ಗೋದಾವರೀ ತೀರದಲ್ಲಿ ಆರಂಭಿಸಿದ ಜಾಲರಿಯ ಕೆಲಸವು ಕಾಲಕ್ರಮದಲ್ಲಿ ಆಂಧ್ರದ ನರಸಾಪುರದ ಮನೆಮನೆಯ ಕಸುಬಾಗಿ ಬೆಳೆದು, 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆಯಿತು. ಕನ್ನಡ ನಾಡಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ 1834ರಿಂದಲೂ, ಹಳೆಯ ಮೈಸೂರಿನ ತುಮಕೂರು ಗುಬ್ಬಿಗಳಲ್ಲಿ ವೆಸ್ಲಿಯನ್ ಮಿಷನ್ ಅದೇ ಶತಮಾನದ ಪೂರ್ವಾರ್ಧದಿಂದಲೂ ನೆಲೆಗೊಂಡಿದ್ದವು. ಮಿಷನ್ನಿನ ಬಾಲಿಕಾಪಾಠಶಾಲೆಗಳಲ್ಲಿ ಓದುಬರಹದೊಡನೆ ಸೂಜಿಯ ಕೆಲಸವೂ ಪಾಠದ ಅಂಗವಾಗಿತ್ತು. ಮುಂದೆ ಮಹಿಳಾ ಸಮಾಜಗಳ ಹೊಲಿಗೆ ತರಗತಿಗಳೂ, ಕನ್ನಡ ವಾರಪತ್ರಿಕೆಗಳ ಮಹಿಳಾಪುಟಗಳೂ ಈ ವಿದ್ಯೆಯನ್ನು ಸಣ್ಣ ಊರುಗಳಿಗೆ ತಲುಪಿಸಿದವು. ಮೇಜಿನ ಮೇಲಿನ ಜಾಲರಿ ಹಾಸು, ರೇಡಿಯೋವಿನ ಹೊದಿಕೆ, ದೇವರ ಪಟಕ್ಕೆ ಹಾಕುವ ಉಲ್ಲನ್ ಹಾರ, ಗಾಜಿನ ಕಪಾಟಿನೊಳಗೆ ಕುಳಿತ ಉಲ್ಲನ್ ಗಿಣಿ ಮತ್ತು ನಾಯಿಮರಿ ಇವೆಲ್ಲ ಆ ಯುಗದ ಮನೆಗಳಲ್ಲಿ ಕಾಣಬರುತ್ತಿದ್ದ ಸಾಮಾನ್ಯ ವಸ್ತುಗಳು.

ತುಂಬುಬೊಂಬೆಯ ಚರಿತ್ರೆ ಇದಕ್ಕೆ ಸಮಾನಾಂತರವಾಗಿ ಹರಿದುಬಂದುದು. 1880ರಲ್ಲಿ ಜರ್ಮನಿಯ ಮಾರ್ಗರೆಟೆ ಸ್ಟೈಫ್ ಎಂಬಾಕೆ ಸೂಜಿ ಚುಚ್ಚಿಡಲೆಂದು ಫೆಲ್ಟ್ ಬಟ್ಟೆಯಿಂದ ಹೊಲಿದ ಪುಟ್ಟ ಆನೆಯು ಮಕ್ಕಳ ಕೈಸೇರಿ ಆಟಿಕೆಯಾಗಿಬಿಟ್ಟಿತು. ಹೆಣಿಗೆಯನ್ನೂ ತುಂಬುಬೊಂಬೆಯನ್ನೂ ಒಂದುಗೂಡಿಸಿ, ದುಂಡುತಲೆ ಮತ್ತು ಪುಟ್ಟ ದೇಹದ ಪ್ರಾಣಿಗಳನ್ನು ಒಂದು ಪ್ರತ್ಯೇಕ ಶೈಲಿಯಾಗಿ ಬೆಳೆಸಿದ ಕೀರ್ತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಜಪಾನಿಗೆ ಸಲ್ಲುತ್ತದೆ. ಅಲ್ಲಿ ಇದನ್ನು ಅಮಿಗುರುಮಿ ಎನ್ನುವರು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಆ ಶೈಲಿ ಜಗತ್ತಿನಾದ್ಯಂತ ಹರಡಿತು. 2013ರಲ್ಲಿ ಡೆನ್ಮಾರ್ಕಿನಲ್ಲಿ ಅವಧಿಗೆ ಮುನ್ನ ಜನಿಸಿದ ಶಿಶುಗಳಿಗಾಗಿ ಪುಟ್ಟ ಆಕ್ಟೋಪಸ್ ಬೊಂಬೆಗಳನ್ನು ಹೆಣೆದು ಆಸ್ಪತ್ರೆಗಳಿಗೆ ಕೊಡುವ ಸ್ವಯಂಸೇವೆಯೊಂದು ಹುಟ್ಟಿ ಅನೇಕ ದೇಶಗಳಿಗೆ ವ್ಯಾಪಿಸಿತು. ನಮ್ಮ ನೆರೆಯ ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್’ ಎಂಬ ಮಹಿಳಾ ಬಳಗವು 2016ರಲ್ಲಿ 11,148.5 ಚದರ ಮೀಟರ್ ವಿಸ್ತಾರದ ಹೊದಿಕೆಯನ್ನು ಕೂಡಿಸಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿದ್ದು, ಬಿಡಿಬಿಡಿಯಾಗಿ ಮನೆಗಳಲ್ಲಿ ನಡೆಯುವ ಈ ಕೆಲಸಕ್ಕೆ ಎಷ್ಟು ದೊಡ್ಡ ಸಮೂಹವಿದೆಯೆಂಬುದನ್ನು ತೋರಿಸಿತು.

ಗೊರವನಹಳ್ಳಿಯ ಸುತ್ತಣ ಸೀಮೆ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿಗೆ ಸೇರಿದ ಗೊರವನಹಳ್ಳಿಯು ಮಹಾಲಕ್ಷ್ಮಿಯ ಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತವಾದ ಊರು. ಸಮೀಪದಲ್ಲಿಯೇ ಜಯಮಂಗಲಿ ನದಿಯ ತೀತಾ ಜಲಾಶಯವಿದೆ. ಇದರ ಉತ್ತರಕ್ಕೆ ಮಧುಗಿರಿ, ವಾಯವ್ಯಕ್ಕೆ ಶಿರಾ, ಇನ್ನೂ ಉತ್ತರಕ್ಕೆ ಆಂಧ್ರದ ನೆಲದಿಂದ ಬಹುಮಟ್ಟಿಗೆ ಸುತ್ತುವರಿಯಲ್ಪಟ್ಟ ಪಾವಗಡ. ಮಳೆ ಕಡಿಮೆಯಾಗಿ, ಕಲ್ಲುಗುಡ್ಡಗಳ ನಡುವೆ ಹುಲ್ಲುಗಾವಲು ಹರಡಿರುವ ಈ ಸೀಮೆಯಲ್ಲಿ ನೂಲಿನ ಮೂರು ಪರಂಪರೆಗಳು ಸಂಧಿಸುತ್ತವೆ: ಕುರಿಯ ಉಣ್ಣೆ, ರೇಷ್ಮೆಯ ಮಗ್ಗ, ಸೀರೆಯ ಕುಚ್ಚು. ಕ್ರೋಶಾ ಬೊಂಬೆಯನ್ನು ಕುರಿತು ಇಲ್ಲಿಂದ ಆಲೋಚಿಸುವುದಕ್ಕೆ ಈ ಸಂಗಮವೇ ಸಮರ್ಥನೆ.

ಮೊದಲನೆಯದು ಕಂಬಳಿಯ ಪರಂಪರೆ. ಫ್ರಾನ್ಸಿಸ್ ಬುಕನನ್ 1800ರಲ್ಲಿ ಮಧುಗಿರಿ ಶಿರಾಗಳ ಮಾರ್ಗವಾಗಿ ಸಂಚರಿಸಿ, ಈ ಭಾಗದ ಬೇಸಾಯ, ಪಶುಪಾಲನೆ, ನೇಯ್ಗೆಗಳನ್ನು ಗಮನಿಸಿ ಬರೆದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕುರುಬ ಸಮುದಾಯದವರು ಕುರಿಯ ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನ ಹೆದೆಯಿಂದ ಎಕ್ಕಿ, ರಾಟೆಯಲ್ಲಿ ನೂತು, ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿಯನ್ನು ಕುಂಚದಿಂದ ಸವರಿ ಬಿರುಸುಗೊಳಿಸಿ, ಗುಂಡಿಮಗ್ಗದಲ್ಲಿ ಕಂಬಳಿಯನ್ನು ನೇಯುವರು. ದಖ್ಖನೀ ಕುರಿಯ ಉಣ್ಣೆ ಕಪ್ಪು, ಕಂದು, ಬೂದುಬಣ್ಣಗಳಲ್ಲಿ ಸಹಜವಾಗಿಯೇ ದೊರೆಯುವುದರಿಂದ ಬಣ್ಣ ಅದ್ದುವ ಅಗತ್ಯವಿಲ್ಲ. ಆದರೆ ಅದರ ಎಳೆ ಒರಟು. ಮಳೆ ಚಳಿಗಳನ್ನು ತಡೆಯುವುದಕ್ಕೆ ಅದು ಸಮರ್ಥವಾದರೂ ಎಳೆಯ ಮಗುವಿನ ಕೆನ್ನೆಗೆ ಒಗ್ಗದು. ದಖ್ಖನಿನಾದ್ಯಂತ ಮಾಂಸಕ್ಕಾಗಿ ಸಾಕುವ, ಉಣ್ಣೆಯಿಲ್ಲದ ತಳಿಗಳು ಹೆಚ್ಚಿದಂತೆಯೂ, ಗಿರಣಿಯ ಅಗ್ಗದ ರಗ್ಗುಗಳು ಬಂದಂತೆಯೂ ಈ ಉಣ್ಣೆಯ ಬೇಡಿಕೆ ಕುಗ್ಗಿ, ಕತ್ತರಿಸಿದ ಉಣ್ಣೆಗೆ ಕೊಳ್ಳುವವರೇ ಇಲ್ಲದಂತಾಗಿರುವುದು ವ್ಯಸನದ ಸಂಗತಿ.

ಎರಡನೆಯದು ರೇಷ್ಮೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯು ರೇಷ್ಮೆಸೀರೆಯ ಕೈಮಗ್ಗಗಳಿಗೆ ಹೆಸರಾದ ಊರು. ಗಡಿಯಾಚೆಯ ಧರ್ಮಾವರವೂ, ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರೂ ಅದೇ ಕಸುಬಿನ ಕೇಂದ್ರಗಳು. ಮೂರನೆಯದು, ಸೀರೆಯನ್ನು ಮಗ್ಗದಿಂದ ಇಳಿಸಿದ ಮೇಲೆ ಸೆರಗಿನ ತುದಿಯಲ್ಲಿ ನಡೆಯುವ ಕುಚ್ಚಿನ ಕೆಲಸ. ಹಿಂದೆ ಸೆರಗಿನ ಬಿಡಿ ಎಳೆಗಳನ್ನು ಹೊಸೆದು ಗಂಟಿಕ್ಕುವುದಷ್ಟೇ ಕುಚ್ಚಾಗಿತ್ತು. ಈಗ ಕರ್ನಾಟಕದ ನಗರ ಗ್ರಾಮಗಳೆನ್ನದೆ ಎಲ್ಲೆಡೆ ‘ಕ್ರೋಶಾ ಕುಚ್ಚು’ ರೂಢಿಗೆ ಬಂದಿದೆ: ರೀಲಿನ ರೇಷ್ಮೆದಾರದ ಹಲವು ಎಳೆಗಳನ್ನು ಒಟ್ಟುಗೂಡಿಸಿ, ಅತಿ ಸಣ್ಣ ಕೊಕ್ಕೆಯಿಂದ ಸೆರಗಿನ ಅಂಚನ್ನು ಚುಚ್ಚಿ, ಕುಣಿಕೆಗಳ ಸರಪಳಿಯಾದ ಚೈನನ್ನು ಹಾಕಿ, ನಡುನಡುವೆ ಮಣಿಯನ್ನು ಕೂರಿಸಿ ಲಾಕ್ ಮಾಡುತ್ತ, ಕಮಾನು ಕಮಾನಾಗಿ ಹೆಣಿಗೆಯನ್ನು ಬೆಳೆಸಿ ಕೊನೆಗೆ ಕುಚ್ಚನ್ನು ಕಟ್ಟುವರು. ಮದುವೆಯ ತಿಂಗಳುಗಳಲ್ಲಿಯೂ ವರಮಹಾಲಕ್ಷ್ಮಿ ಹಬ್ಬದ ಮುನ್ನವೂ ಈ ಕೆಲಸಕ್ಕೆ ಹೆಚ್ಚಿನ ಬೇಡಿಕೆ. ಪ್ರತಿಯೊಂದು ಸೀರೆಯೂ ತನ್ನ ಒಡಲಿನ ಬಣ್ಣ ಅಂಚಿನ ಬಣ್ಣಗಳ ಒಂದಿಷ್ಟು ದಾರವನ್ನು ಕುಚ್ಚು ಹಾಕುವವರ ಡಬ್ಬಿಯಲ್ಲಿ ಉಳಿಸಿಹೋಗುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಚೈನು ಹಾಕಲೂ ಕುಣಿಕೆಯನ್ನು ಬಿಗಿದು ಸೆಳೆಯಲೂ ಕಲಿತ ಕೈಗೆ ಬೊಂಬೆಯ ಹೆಣಿಗೆಯಲ್ಲಿ ಹೊಸದಾಗಿ ಕಲಿಯಬೇಕಾದುದು ಬಹಳ ಸ್ವಲ್ಪ. ಕುಚ್ಚಿನ ಹೆಣಿಗೆಯು ಅಂಚಿನ ಉದ್ದಕ್ಕೆ ಸಾಗುತ್ತದೆ. ಬೊಂಬೆಯದು ಕೇಂದ್ರದಿಂದ ಸುತ್ತುತ್ತದೆ. ಕೈಯ ಪಳಗುವಿಕೆ ಎರಡಕ್ಕೂ ಒಂದೇ. ಚನ್ನಪಟ್ಟಣದ ಅರಗಿನ ಬೊಂಬೆಗೂ ಕಿನ್ನಾಳದ ಬಣ್ಣದ ಬೊಂಬೆಗೂ ಮರ, ಉಳಿ, ತಿರುಗಣಿಗಳೂ ವಂಶಾನುಗತ ಶಿಕ್ಷಣವೂ ಬೇಕು. ಕ್ರೋಶಾ ಬೊಂಬೆಗೆ ಬೇಕಾದ ವಿದ್ಯೆಯ ಬಹುಭಾಗವು ಕುಚ್ಚಿನ ರೂಪದಲ್ಲಿ ಕನ್ನಡ ನಾಡಿನ ಮನೆಮನೆಯಲ್ಲಿಯೂ ಈಗಾಗಲೇ ಸಿದ್ಧವಾಗಿದೆ.

ಸಾಮಗ್ರಿ

ಪೇಟೆಯಲ್ಲಿ ಉಲ್ಲನ್ ಎಂದು ಮಾರಾಟವಾಗುವ ನೂಲು ಬಹುತೇಕ ಅಕ್ರಿಲಿಕ್ ಎಂಬ ಕೃತಕ ಎಳೆಯಿಂದಾದುದು. ಪಂಜಾಬಿನ ಲೂಧಿಯಾನ ಇದರ ದೊಡ್ಡ ಉತ್ಪಾದನಾ ಕೇಂದ್ರ. ಹಗುರವಾಗಿ, ಒಗೆದರೆ ಬೇಗ ಒಣಗಿ, ನುಸಿ ಹಿಡಿಯದ ಕಾರಣ ಬೊಂಬೆಗೆ ಇದು ಅನುಕೂಲ. ಹತ್ತಿಯ ನೂಲು ಬಿಸಿಲ ಸೀಮೆಯ ಮಗುವಿಗೆ ಹಿತಕರವಾಗಿ, ಹೊಲಿಗೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ತುಂಡು ನೂಲು ಯಾವ ಜಾತಿಯದೆಂದು ತಿಳಿಯದಿದ್ದಲ್ಲಿ ಒಂದೆರಡು ಅಂಗುಲವನ್ನು ಜಾಗ್ರತೆಯಿಂದ ಸುಟ್ಟು ನೋಡಬಹುದು: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಹತ್ತಿಯಾದರೆ ಕಾಗದದಂತೆ ಉರಿಯುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿಯಾದ ಕಪ್ಪುಮಣಿಯಾಗುತ್ತದೆ.

ಒಂದೇ ಬೊಂಬೆಗೆ ಬಳಸುವ ತುಂಡುಗಳು ಬಣ್ಣದಲ್ಲಿ ಭಿನ್ನವಾಗಿರಬಹುದು, ದಪ್ಪದಲ್ಲಿ ಭಿನ್ನವಾಗಕೂಡದು. ಎರಡು ತುಂಡುಗಳನ್ನು ಒಂದರೊಳಗೊಂದು ಕೊಂಡಿಯಾಗಿ ಸಿಕ್ಕಿಸಿ, ಎರಡು ಕಡೆಯೂ ಹೊಸೆದು, ಕೂಡುವೆಡೆಯ ಮೇಲೆ ಬೆರಳನ್ನು ಆಡಿಸಿದರೆ ದಪ್ಪದ ವ್ಯತ್ಯಾಸವು ಕಣ್ಣಿಗೆ ಕಾಣದಿದ್ದರೂ ಸ್ಪರ್ಶಕ್ಕೆ ತಿಳಿಯುತ್ತದೆ. ತೆಳುವಾದುದನ್ನು ಎರಡೆಳೆಯಾಗಿ ಸೇರಿಸಿ ಸರಿದೂಗಿಸಬಹುದು; ಕುಚ್ಚಿನ ರೇಷ್ಮೆದಾರವನ್ನು ಹಾಗೆಯೇ ಸಣ್ಣ ಕೊಕ್ಕೆಯಿಂದ ಹೆಣೆದರೆ ಹೆಬ್ಬೆರಳ ಗಾತ್ರದ, ಬೀಗದ ಕೈ ಗೊಂಚಲಿಗೆ ಒಪ್ಪುವ ಬೊಂಬೆಯಾಗುತ್ತದೆ.

ಕಡ್ಡಿಗಳು ಉಕ್ಕು, ಅಲ್ಯುಮಿನಿಯಂ, ಬಿದಿರು, ಪ್ಲಾಸ್ಟಿಕ್ಕುಗಳಲ್ಲಿ ದೊರೆಯುತ್ತವೆ; ನೀಲಗಿರಿಯ ಕೇತಿಯಲ್ಲಿ ತಯಾರಾಗುವ ಪೋನಿ ಮುದ್ರೆಯವು ದಕ್ಷಿಣ ಭಾರತದಲ್ಲಿ ಚಿರಪರಿಚಿತ. ಹಣ್ಣು ಕೀಳುವ ದೋಟಿಯ ಕೊಕ್ಕೆಯಂತೆ ಕಡ್ಡಿಯ ತುದಿಯೂ ಹಿಡಿಯಬೇಕಾದುದನ್ನು ಮಾತ್ರ ಹಿಡಿದು ಉಳಿದುದನ್ನು ಜಾರಿಸಿಬಿಡಬೇಕು. ಸಾಧಾರಣ ದಪ್ಪದ ಉಲ್ಲನ್ನಿಗೆ ಸ್ವೆಟರಿನ ಕೆಲಸದಲ್ಲಿ 4 ಮಿಲಿಮೀಟರಿನ ಕಡ್ಡಿಯನ್ನು ಬಳಸುವರಾದರೆ ಬೊಂಬೆಗೆ 2.5ರಿಂದ 3 ಮಿಲಿಮೀಟರಿನದು ತಕ್ಕುದು. ಹೆಣಿಗೆ ಬಿಗಿಯಾಗಿದ್ದರಲ್ಲದೆ ಒಳಗಿನ ಹತ್ತಿ ಸಂದುಗಳಲ್ಲಿ ಇಣುಕದಿರಲಾರದು. ಇವಲ್ಲದೆ ಕತ್ತರಿ, ದೊಡ್ಡ ಕಣ್ಣಿನ ಮೊಂಡುಸೂಜಿ, ಸುತ್ತಿನ ಆರಂಭವನ್ನು ಗುರುತಿಸುವುದಕ್ಕೆ ಒಂದು ಪಿನ್ನು ಅಥವಾ ಬೇರೆ ಬಣ್ಣದ ದಾರದ ತುಣುಕು ಇವಿಷ್ಟು ಸಾಕು.

ರಚನಾತತ್ತ್ವ

ಬೊಂಬೆಯ ಶರೀರಕ್ಕೆಲ್ಲ ಒಂದೇ ಹೊಲಿಗೆ ಆಧಾರ. ಅದು ಸಿಂಗಲ್ ಕ್ರೋಶಾ. ಹಿಂದಿನ ಸುತ್ತಿನ ಹೊಲಿಗೆಯ ತಲೆಯಲ್ಲಿರುವ ಜೋಡಿ ಎಳೆಗಳ ಕೆಳಗೆ ಕೊಕ್ಕೆಯನ್ನು ತೂರಿಸಿ ನೂಲನ್ನು ಎಳೆದುಕೊಂಡರೆ ಕಡ್ಡಿಯ ಮೇಲೆ ಎರಡು ಕುಣಿಕೆಗಳಾಗುತ್ತವೆ. ಮತ್ತೊಮ್ಮೆ ನೂಲನ್ನು ಹಿಡಿದು ಎರಡರೊಳಗಿನಿಂದಲೂ ಸೆಳೆದರೆ ಒಂದು ಹೊಲಿಗೆ ಮುಗಿಯುತ್ತದೆ. ಎರಡು ಕಡ್ಡಿಗಳ ಹೆಣಿಗೆಯಲ್ಲಿ ಸಾಲಿನ ಕುಣಿಕೆಗಳೆಲ್ಲವೂ ಕಡ್ಡಿಯ ಮೇಲೆ ತೆರೆದೇ ಇದ್ದು, ಕಡ್ಡಿ ಜಾರಿದರೆ ಸಾಲೇ ಬಿಚ್ಚಿಹೋಗುವ ಭಯವುಂಟು. ಕ್ರೋಶಾದಲ್ಲಿ ಯಾವ ಕ್ಷಣದಲ್ಲಿಯೂ ತೆರೆದಿರುವುದು ಒಂದೇ ಕುಣಿಕೆ. ಅದಕ್ಕೊಂದು ಪಿನ್ನು ಸಿಕ್ಕಿಸಿ ಎದ್ದುಹೋಗಿ, ಒಲೆಯ ಮೇಲಿನ ಹಾಲನ್ನು ಇಳಿಸಿ ಬಂದು ಮುಂದುವರಿಸಬಹುದು. ಗೃಹಕೃತ್ಯದ ನಡುನಡುವೆ ಹೆಣಿಗೆ ಸಾಗಬೇಕಾದ ಮನೆಗಳಲ್ಲಿ ಈ ಗುಣಕ್ಕೆ ಬೆಲೆ ಹೆಚ್ಚು.

ಸಿಂಗಲ್ ಕ್ರೋಶಾದ ಎತ್ತರ ಅಗಲಗಳು ಹೆಚ್ಚು ಕಡಿಮೆ ಸಮಾನವೆಂಬುದರಿಂದಲೇ ಬೊಂಬೆಯ ಗಣಿತವೆಲ್ಲ ಹೊರಡುತ್ತದೆ. ವೃತ್ತದ ತ್ರಿಜ್ಯವು ಒಂದು ಹೊಲಿಗೆಯಷ್ಟು ಬೆಳೆದಾಗ ಅದರ ಪರಿಧಿಯು ಸುಮಾರು 6.28 ಹೊಲಿಗೆಯಷ್ಟು ಬೆಳೆಯಬೇಕು. ಆದಕಾರಣ ಪ್ರತಿ ಸುತ್ತಿಗೂ ಆರಾರು ಹೊಲಿಗೆಗಳನ್ನು ಹೆಚ್ಚಿಸಿದರೆ ಚಪ್ಪಟೆಯಾದ ಬಿಲ್ಲೆ ಒದಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ಬಿಲ್ಲೆಯ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಆರಾರು ಇಳಿಸುತ್ತ ಬಂದರೆ ಬಟ್ಟಲು ಮುಚ್ಚಿ ಚೆಂಡಾಗುತ್ತದೆ. ಆರಕ್ಕಿಂತ ಬಹಳ ಹೆಚ್ಚಿಸಿದರೆ ಅಂಚು ನೆರಿಗೆ ನೆರಿಗೆಯಾಗಿ ಸುರುಳಿಗಟ್ಟುವುದು. ಈ ನೆರಿಗೆಯ ಸ್ವಭಾವವನ್ನೇ ಬಳಸಿಕೊಂಡು ಕಾರ್ನೆಲ್ ವಿಶ್ವವಿದ್ಯಾನಿಲಯದ ಡೈನಾ ತೈಮಿನ ಎಂಬ ಗಣಿತಜ್ಞೆ 1997ರಲ್ಲಿ, ಯೂಕ್ಲಿಡ್ಡನ ನಿಯಮಗಳಿಗೆ ಒಳಪಡದ ಅತಿಪರವಲಯ ಜ್ಯಾಮಿತಿಯ ಮೇಲ್ಮೈಗಳನ್ನು ಕ್ರೋಶಾದಲ್ಲಿ ಹೆಣೆದು, ಕಾಗದದ ಮೇಲೆ ಊಹಿಸಲು ಕಷ್ಟವಾದುದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟಳು. 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಸೋದರಿಯರು ಅದೇ ತತ್ತ್ವದಿಂದ ಹವಳದ ದಿಬ್ಬಗಳನ್ನು ಹೆಣೆಯುವ ಸಾಮೂಹಿಕ ಕಾರ್ಯವನ್ನು ಆರಂಭಿಸಿದರು. ಬೊಂಬೆಯ ಕಿವಿಗೊಂದು ಬಾಗು ಬೇಕೆಂದು ಹೊಲಿಗೆಯನ್ನು ಹೆಚ್ಚಿಸುವ ಕೈಯೂ ಅದೇ ಗಣಿತವನ್ನು ಆಚರಿಸುತ್ತಿರುತ್ತದೆ.

ಉದಾಹರಣೆ: ಒಂದು ಕುರಿಮರಿ

ಕಂಬಳಿಯ ಸೀಮೆಗೆ ಉಚಿತವಾದ ಕುರಿಮರಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮೈಗೆ ಕಪ್ಪು ಅಥವಾ ಕಂದು, ಮುಖಕ್ಕೆ ಬೂದಿ ಅಥವಾ ಬಿಳಿ, ಕಾಲುಗಳಿಗೆ ಉಳಿದ ಯಾವುದಾದರೊಂದು ಬಣ್ಣ.

ಮೈ: ನೂಲನ್ನು ಎಡಗೈಯ ತೋರುಬೆರಳಿಗೆ ಸುತ್ತಿ ಸಡಿಲವಾದ ಬಳೆಯನ್ನು ಮಾಡಿ, ಅದರೊಳಗೆ 6 ಸಿಂಗಲ್ ಕ್ರೋಶಾ ಹಾಕಿ, ಗಿಡ್ಡ ತುದಿಯನ್ನು ಜಗ್ಗಿದರೆ ನಡುವಣ ರಂಧ್ರ ಮುಚ್ಚಿಹೋಗುತ್ತದೆ. ಹೊಸಬರು ಎರಡು ಚೈನು ಹಾಕಿ ಮೊದಲನೆಯ ಚೈನಿನೊಳಗೇ ಆರು ಹೊಲಿಗೆಗಳನ್ನು ಹಾಕುವುದು ಸುಲಭ. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದರಲ್ಲಿಯೂ ಎರಡೆರಡು ಹಾಕಿ 12. ಮೂರನೆಯದರಲ್ಲಿ ಒಂದು ಬಿಟ್ಟು ಒಂದಕ್ಕೆ ಎರಡು ಹಾಕಿ 18. ನಾಲ್ಕನೆಯದರಲ್ಲಿ ಎರಡರ ನಂತರ ಹೆಚ್ಚಿಸಿ 24. ಐದನೆಯದರಲ್ಲಿ ಮೂರರ ನಂತರ ಹೆಚ್ಚಿಸಿ 30. ಬಳಿಕ ಐದು ಸುತ್ತುಗಳು ಏರಿಳಿತವಿಲ್ಲದೆ 30. ಅನಂತರ ಮೂರು ಹೊಲಿಗೆಗೊಮ್ಮೆ ಎರಡನ್ನು ಒಂದಾಗಿ ಕೂಡಿಸುತ್ತ 24, ಎರಡಕ್ಕೊಮ್ಮೆ ಕೂಡಿಸುತ್ತ 18. ಈ ಘಟ್ಟದಲ್ಲಿ ಹತ್ತಿಯನ್ನು ತುಂಬಿ, ಮುಂದೆ 12, 6 ಎಂದು ಇಳಿಸಿ, ಕೊನೆಯ ಆರು ಹೊಲಿಗೆಗಳ ಮುಂದಣ ಎಳೆಗಳಲ್ಲಿ ಸೂಜಿಯಿಂದ ನೂಲನ್ನು ಹಾಯಿಸಿ ಬಿಗಿದರೆ ಚೆಂಡು ಮುಚ್ಚುತ್ತದೆ. ಒಟ್ಟು 14 ಸುತ್ತು, 300 ಹೊಲಿಗೆ. ನಡುವಿನ ಪರಿಧಿ 30 ಇರುವಾಗ ತುದಿಯಿಂದ ತುದಿಗೆ ಅದರ ಅರ್ಧದಷ್ಟು, ಎಂದರೆ ಹದಿನೈದರ ಆಸುಪಾಸು ಸುತ್ತುಗಳಾದರೆ ಚೆಂಡು ದುಂಡಗಾಗುವುದೆಂಬ ನಿಯಮ ಇಲ್ಲಿ ಸ್ಪಷ್ಟವಾಗಿದೆ.

ತಲೆ: ಅದೇ ಕ್ರಮದಲ್ಲಿ 6, 12, 18, 24, ಬಳಿಕ ನಾಲ್ಕು ಸುತ್ತು 24, ಮತ್ತೆ 18, 12, 6. ಒಟ್ಟು 192. ಕಾಲುಗಳು: 6ರಿಂದ ಆರಂಭಿಸಿ, ಒಂದು ಬಿಟ್ಟು ಒಂದಕ್ಕೆ ಹೆಚ್ಚಿಸಿ 9, ಆಮೇಲೆ ನಾಲ್ಕು ಸುತ್ತು 9, ಒಂದಕ್ಕೆ 51ರಂತೆ ನಾಲ್ಕಕ್ಕೆ 204. ಕಿವಿಗಳು: 6, 9, ಇನ್ನೆರಡು ಸುತ್ತು 9, ತುಂಬದೆ ಚಪ್ಪಟೆಯಾಗಿ ಒತ್ತಿಡಬೇಕು, ಎರಡಕ್ಕೆ 66. ಬಾಲ: ಐದು ಚೈನು ಹಾಕಿ ನಾಲ್ಕು ಹೊಲಿಗೆಯಿಂದ ಹಿಂದಿರುಗುವುದು. ಅಲ್ಲಿಗೆ ಸಮಗ್ರ ಕುರಿಮರಿಯು 766 ಹೊಲಿಗೆಗಳ ರಚನೆ. ಸಾಧಾರಣ ಉಲ್ಲನ್ನಿನಲ್ಲಿ ಹೊಲಿಗೆಯೊಂದಕ್ಕೆ 3 ಸೆಂಟಿಮೀಟರಿನಂತೆ ಲೆಕ್ಕ ಹಾಕಿದರೆ ಸುಮಾರು 23 ಮೀಟರು, ಎಂದರೆ ಹದಿಮೂರು ಮಾರು ನೂಲು. ಜೋಡಣೆಗೆ ಬಿಡುವ ತುದಿಗಳನ್ನು ಸೇರಿಸಿದರೂ ತೂಕದಲ್ಲಿ ಹತ್ತು ಹದಿನೈದು ಗ್ರಾಮಿಗೆ ಮೀರದು. ಮಗುವಿನ ಒಂದು ಟೋಪಿಗೂ ಸಾಲದ ಉಳಿಕೆಯಲ್ಲಿ ಒಂದು ಪ್ರಾಣಿ ಸರ್ವಾಂಗಪೂರ್ಣವಾಗುವುದು ಹೀಗೆ.

ಹೆಣೆಯುವಾಗ ಸುತ್ತನ್ನು ಮುಗಿಸಿ ಕೂಡಿಸದೆ ಸುರುಳಿಯಾಗಿ ಮುಂದುವರಿಸುವುದರಿಂದ ಮೈಮೇಲೆ ಜೋಡಣೆಯ ಗೆರೆ ಏಳುವುದಿಲ್ಲ. ಆದರೆ ಆರಂಭವೆಲ್ಲಿಯೆಂಬುದು ಮರೆತುಹೋಗುವುದರಿಂದ ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಪಿನ್ನು ಹಾಕಲೇಬೇಕು. ಹೊರಮೈಯಲ್ಲಿ ಹೊಲಿಗೆಗಳು ಕವಲುಕಡ್ಡಿಗಳ ಸಾಲಿನಂತೆಯೂ ಒಳಮೈಯಲ್ಲಿ ಅಡ್ಡಗೆರೆಗಳಂತೆಯೂ ಕಾಣುತ್ತವೆ. ನಾಲ್ಕೈದು ಸುತ್ತುಗಳಾದೊಡನೆ ಪರೀಕ್ಷಿಸಿ, ಒಳಮೈ ಹೊರಗಿದ್ದರೆ ಬಟ್ಟಲನ್ನು ತಿರುವಿಹಾಕತಕ್ಕದ್ದು. ಇಳಿಸುವಲ್ಲಿ ಎರಡು ಹೊಲಿಗೆಗಳ ಮುಂದಣ ಎಳೆಗಳನ್ನು ಮಾತ್ರ ಹಿಡಿದು ಕೂಡಿಸಿದರೆ ಸಂದು ಬೀಳದು. ಬಣ್ಣ ಬದಲಿಸಬೇಕಾದೆಡೆ, ಹಳೆಯ ಬಣ್ಣದ ಕೊನೆಯ ಹೊಲಿಗೆಯ ಅಂತಿಮ ಸೆಳೆತವನ್ನೇ ಹೊಸ ನೂಲಿನಿಂದ ಮಾಡಬೇಕು. ಇಲ್ಲದಿದ್ದರೆ ಹೊಸ ಸುತ್ತಿನ ತಲೆಯ ಮೇಲೆ ಹಳೆಯ ಬಣ್ಣದ ಚುಕ್ಕೆ ಉಳಿದುಬಿಡುತ್ತದೆ.

ತುಂಬುವುದು, ಜೋಡಿಸುವುದು, ಸುರಕ್ಷತೆ

ತುಂಬುವುದಕ್ಕೆ ದಿಂಬಿನ ಅಂಗಡಿಗಳಲ್ಲಿ ದೊರೆಯುವ ಪಾಲಿಯೆಸ್ಟರ್ ಹತ್ತಿ ಶ್ರೇಷ್ಠ, ತೊಳೆದರೆ ಗಡ್ಡೆಕಟ್ಟದು. ಬೂರುಗದ ಹತ್ತಿ ಹಗುರವಾದರೂ ನೀರು ಸೋಕಿದರೆ ಹಿಂದಿನ ಉಬ್ಬು ಬಾರದು; ಹಳೆಯ ದಿಂಬಿನ ಹತ್ತಿಯನ್ನು ಬಿಡಿಸಿ ಬಿಸಿಲಿಗೆ ಹಾಕಿ ಬಳಸಬಹುದು. ಚೆನ್ನಾಗಿ ತೊಳೆದು ಎಕ್ಕಿದ ಕುರಿಯ ಉಣ್ಣೆಯನ್ನು ಈ ಕೆಲಸಕ್ಕೆ ವಿನಿಯೋಗಿಸಿದರೆ ಹೊರಮೈಗೆ ಒಗ್ಗದ ಅದರ ಒರಟುತನ ಒಳಗೆ ಅಡಗಿ, ಪುಟಿಯುವ ಗುಣ ಮಾತ್ರ ಪ್ರಯೋಜನಕ್ಕೆ ಬರುತ್ತದೆ. ಕೊಳ್ಳುವವರಿಲ್ಲದ ಉಣ್ಣೆಗೆ ಇದೊಂದು ಸಣ್ಣ ಮಾರ್ಗ. ನೂಲಿನ ಕತ್ತರಿಚೂರುಗಳನ್ನೂ ತುಂಬಬಹುದು. ಆದರೆ ತಿಳಿಬಣ್ಣದ ಹೆಣಿಗೆಯ ಹಿಂದೆ ಕಡುಬಣ್ಣದ ಚೂರು ಮಬ್ಬಾಗಿ ತೋರುತ್ತದೆ. ಹತ್ತಿಯನ್ನು ಮುದ್ದೆಯಾಗಿ ತುರುಕದೆ, ಹಿಂಜಿ ಹಿಂಜಿ ಸಣ್ಣಗೆ ಮಾಡಿ ಅಂಚುಗಳಿಂದ ನಡುವಿಗೆ ತುಂಬಬೇಕು. ತಲೆ, ಕಾಲು, ಕಿವಿಗಳನ್ನು ಮೊದಲು ಪಿನ್ನುಗಳಿಂದ ಚುಚ್ಚಿಟ್ಟು ಮುಂದಿನಿಂದಲೂ ಪಕ್ಕದಿಂದಲೂ ನೋಡಿ, ಕುರಿಮರಿ ನೆಟ್ಟಗೆ ನಿಲ್ಲುತ್ತದೆಯೆಂದು ದೃಢವಾದ ಮೇಲೆಯೇ ಹೊಲಿಯತಕ್ಕದ್ದು. ಕಣ್ಣುಗಳ ನಡುವಣ ಅಂತರ ಒಂದು ಹೊಲಿಗೆಯಷ್ಟು ಬದಲಾದರೂ ಮುಖದ ಭಾವವೇ ಬದಲಾಗುತ್ತದೆ. ಕೆಳಗೆ ಮತ್ತು ದೂರವಾಗಿ ಇಟ್ಟ ಕಣ್ಣುಗಳಿಂದ ಮರಿಯ ಎಳೆತನವೂ, ಮೇಲೆ ಮತ್ತು ಹತ್ತಿರವಾಗಿ ಇಟ್ಟವುಗಳಿಂದ ಬೆಳೆದ ಪ್ರಾಣಿಯ ಗಾಂಭೀರ್ಯವೂ ಮೂಡುತ್ತವೆ.

ಮೂರು ವರ್ಷದೊಳಗಿನ ಮಗುವಿನ ಬೊಂಬೆಗೆ ಮಣಿಯನ್ನಾಗಲಿ ಗುಂಡಿಯನ್ನಾಗಲಿ ಕಣ್ಣಾಗಿ ಹೊಲಿಯಲೇಕೂಡದು. ಕಪ್ಪುದಾರದಿಂದ ಕಸೂತಿಯಾಗಿ ಹಾಕಿದ ಕಣ್ಣೇ ಯುಕ್ತ. ಕಿತ್ತುಬಂದ ಮಣಿ ಎಳೆಯ ಗಂಟಲನ್ನು ಮುಚ್ಚೀತು. ಆಟಿಕೆಗಳ ಪರೀಕ್ಷೆಯಲ್ಲಿ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ಣವಾಗಿ ಅಡಗುವ ಯಾವುದೇ ವಸ್ತುವನ್ನು ಅಪಾಯಕರ ಚಿಕ್ಕ ಭಾಗವೆಂದು ಎಣಿಸುವರು. ಭಾರತದಲ್ಲಿ ಆಟಿಕೆಗಳ ಸುರಕ್ಷತೆಗೆ ಐ.ಎಸ್. 9873 ಎಂಬ ಮಾನಕವಿದ್ದು, 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ 2021ರ ಜನವರಿ 1ರಿಂದ ಮಾರಾಟದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ಇದರಿಂದ ವಿನಾಯಿತಿ ಉಂಟು. ಮಾರಾಟಕ್ಕೆ ತೊಡಗುವವರು ಆ ನೋಂದಣಿಯನ್ನು ಮಾಡಿಸಿಕೊಳ್ಳುವುದು ಆವಶ್ಯಕ.

ಕಸುಬಿನ ಬೆಲೆ ಮತ್ತು ಭವಿಷ್ಯ

ಎರಡು ಕಡ್ಡಿಗಳ ಹೆಣಿಗೆಯನ್ನು ಯಂತ್ರಗಳು ಎಂದೋ ವಶಪಡಿಸಿಕೊಂಡವು. ಕ್ರೋಶಾದ ತದ್ರೂಪದ ಬಟ್ಟೆಗಳನ್ನು ಯಂತ್ರಗಳು ತಯಾರಿಸುತ್ತವಾದರೂ, ಸುರುಳಿಯಾಗಿ ಬೆಳೆದು ಮುಚ್ಚುವ ಬೊಂಬೆಯ ಹೆಣಿಗೆಯು ಇನ್ನೂ ಮನುಷ್ಯನ ಕೈಯ ಕೆಲಸವಾಗಿಯೇ ಉಳಿದಿದೆ. ಆದುದರಿಂದ ಪೇಟೆಯಲ್ಲಿ ಕಾಣುವ ಪ್ರತಿಯೊಂದು ಕ್ರೋಶಾ ಬೊಂಬೆಯ ಹಿಂದೆಯೂ ಒಬ್ಬರ ಗಂಟೆಗಳಿವೆ. ಪಳಗಿದ ಕೈ ನಿಮಿಷಕ್ಕೆ ಹದಿನೈದು ಹೊಲಿಗೆ ಹಾಕುವುದೆಂದು ಇಟ್ಟುಕೊಂಡರೂ ಮೇಲಿನ ಕುರಿಮರಿಯ ಹೆಣಿಗೆಗೇ ಐವತ್ತು ನಿಮಿಷಗಳು ಬೇಕು. ತುಂಬುವುದಕ್ಕೂ ಜೋಡಿಸುವುದಕ್ಕೂ ಮತ್ತೆ ಅಷ್ಟೇ ಕಾಲ. ನೂಲು ಉಳಿಕೆಯದೆಂಬ ಕಾರಣದಿಂದ ಬೊಂಬೆಯೂ ಅಗ್ಗವಾಗಬೇಕೆಂಬ ವಾದ ಅನ್ಯಾಯದ್ದು. ಮರಿಯಾ ಮೀಸ್ ಎಂಬ ಸಮಾಜಶಾಸ್ತ್ರಜ್ಞೆ ನರಸಾಪುರದ ಜಾಲರಿ ಹೆಣೆಯುವ ಹೆಂಗಸರನ್ನು ಕುರಿತು 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವರ ದೀರ್ಘ ದುಡಿಮೆಯನ್ನು ‘ಬಿಡುವಿನ ವೇಳೆಯ ಕೆಲಸ’ವೆಂದು ಹೆಸರಿಸಿದುದರಿಂದಲೇ ಕೂಲಿ ಕನಿಷ್ಠವಾಗಿ ಉಳಿಯಿತೆಂದು ನಿರೂಪಿಸಿದ್ದಾಳೆ. ಕುಚ್ಚಿನ ಕೆಲಸಕ್ಕೂ ಬೊಂಬೆಯ ಕೆಲಸಕ್ಕೂ ಆ ಎಚ್ಚರಿಕೆ ಸಮಾನವಾಗಿ ಅನ್ವಯಿಸುತ್ತದೆ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳಂತಹ ಸಂಘಟನೆಗಳು ನೂಲಿನ ತೂಕಕ್ಕಲ್ಲದೆ ಹೊಲಿಗೆಯ ಎಣಿಕೆಗೂ ಜೋಡಣೆಯ ಕಾಲಕ್ಕೂ ಬೆಲೆ ಕಟ್ಟುವ ಪದ್ಧತಿಯನ್ನು ರೂಢಿಸುವುದಾದರೆ ಈ ಕಸುಬು ಗೌರವದ ಜೀವನೋಪಾಯವಾಗಲು ಸಾಧ್ಯ.

ಶಿಕ್ಷಣದಲ್ಲಿಯೂ ಇದಕ್ಕೆ ಸ್ಥಾನವುಂಟು. ಪ್ರಾಥಮಿಕ ಶಾಲೆಯ ಬಾಲಕ ಬಾಲಕಿಯರಿಬ್ಬರಿಗೂ ಆರರ ಮಗ್ಗಿ, ಪರಿಧಿ ತ್ರಿಜ್ಯಗಳ ಸಂಬಂಧ, ಗೋಳದ ರಚನೆ ಇವುಗಳನ್ನು ಬೆರಳ ತುದಿಯಿಂದ ಕಲಿಸುವುದಕ್ಕೆ ಒಂದು ಕಡ್ಡಿ ಮತ್ತು ಹದಿಮೂರು ಮಾರು ನೂಲಿಗಿಂತ ಕಡಿಮೆ ವೆಚ್ಚದ ಸಾಧನ ದುರ್ಲಭ. ಮಾದರಿಯನ್ನು ನೋಡಿ ಒಂದು ಕುರಿಮರಿಯನ್ನು ಹೆಣೆದವರು ಒಂದು ಬೊಂಬೆಯನ್ನು ಪಡೆದರು. ಹೆಚ್ಚಿಸಿದರೆ ಅಗಲವಾಗುವುದು, ನಿಲ್ಲಿಸಿದರೆ ಮೇಲೇಳುವುದು, ಇಳಿಸಿದರೆ ಮುಚ್ಚುವುದು ಎಂಬ ನಿಯಮತ್ರಯವನ್ನು ತಿಳಿದವರಾದರೋ ಆನೆಯ ಸೊಂಡಿಲನ್ನೂ, ಹೋರಿಯ ಇಣಿಯನ್ನೂ, ನವಿಲಿನ ಕೊರಳನ್ನೂ ಮಾದರಿಯ ಹಂಗಿಲ್ಲದೆ ತಾವೇ ಕಲ್ಪಿಸಬಲ್ಲರು. ಕಲಿಸುವವರು ಮಾದರಿಗಿಂತ ಮೊದಲು ನಿಯಮವನ್ನು ಕಲಿಸತಕ್ಕದ್ದು. ಏಕೆಂದರೆ ಇಂತಿಷ್ಟೇ ಬಣ್ಣ ಇಂತಿಷ್ಟೇ ಉದ್ದವೆಂದು ಕೇಳುವ ಮಾದರಿಗೆ ಉಳಿಕೆಯ ನೂಲು ಒದಗಿಬರುವುದು ಅಪರೂಪ, ನಿಯಮವನ್ನು ಬಲ್ಲ ಕೈಗೆ ಡಬ್ಬಿಯಲ್ಲಿರುವ ಯಾವ ತುಂಡೂ ಗಿಡ್ಡವಲ್ಲ.